ಒಂದು ಗುಟುಕಿಗೆ ಒಂದು ನಮೋ ಮರಿಯ

ಆ ಗುರುವಾರ ಮಧ್ಯಾಹ್ನ ನಡೆದದ್ದನ್ನು ನಾನು ಗಂಡನಿಗೆ ಹೇಳಿದ್ದು ಒಂದು ರೀತಿ, ಡಾಕ್ಟರಿಗೆ ಹೇಳಿದ್ದು ಇನ್ನೊಂದು ರೀತಿ. ನನ್ನ ಅಮ್ಮನಿಗೆ ಅದಕ್ಕಿಂತ ಕಡಿಮೆ ಹೇಳಿದೆ. ಯಾವುದೂ ಸುಳ್ಳಲ್ಲ. ಆದರೆ ಎಲ್ಲದರಲ್ಲೂ ಒಂದು ಭಾಗ ಬಿಟ್ಟುಹೋಗಿತ್ತು. ಈಗ ಮಗಳು ಅಂಗಳದಲ್ಲಿ ಓಡಾಡುತ್ತಿರುವಾಗ ಅದನ್ನು ನಡೆದ ಕ್ರಮದಲ್ಲೇ ಬರೆದಿಡಬೇಕು ಅನ್ನಿಸಿದೆ.

ಅವಳು ಹುಟ್ಟಿದಾಗ ಮೇಲ್ತುಟಿ ಸೀಳಿತ್ತು. ಆ ಸೀಳು ಒಳಗೆ ಅಂಗುಳದವರೆಗೂ ಹೋಗಿತ್ತು. ಅಂಥ ಮಗುವಿಗೆ ಹಾಲು ಚೀಪಲು ಬರುವುದಿಲ್ಲ. ಬಾಯಿ ಎಲ್ಲಿಯೂ ಮುಚ್ಚದ ಕಾರಣ ಎಳೆದ ಹಾಲು ಮೂಗಿನಿಂದ ಹೊರಗೆ ಬರುತ್ತದೆ, ಇಲ್ಲವೆ ಶ್ವಾಸದ ಕಡೆಗೆ ಹೋಗುತ್ತದೆ. ಮೈಸೂರಿನ ಡಾಕ್ಟರ್ ಶಾಂತವಾಗಿ ಹೇಳಿದರು: "ತುಟಿ ಹೊಲಿಯೋದು ಕಷ್ಟ ಅಲ್ಲ ಅಮ್ಮ. ಆದ್ರೆ ಮಗು ಐದು ಕಿಲೋ ಆಗಬೇಕು. ಅಂಗುಳ ಆಮೇಲೆ, ವರ್ಷ ಆದ ಮೇಲೆ ನೋಡೋಣ. ಈಗ ನಿಮ್ಮ ಕೆಲಸ ಒಂದೇ, ತೂಕ ಏರಿಸೋದು." ಆಗ ಅವಳು ಎರಡೂವರೆ ಕಿಲೋ ಕೂಡ ಇರಲಿಲ್ಲ.

ನನ್ನ ಗಂಡ ಚೆಟ್ಟಳ್ಳಿ ಕಡೆಯ ಒಂದು ಕಾಫಿ ಎಸ್ಟೇಟಿನಲ್ಲಿ ರೈಟರ್, ಅಂದರೆ ಹಾಜರಿ, ಲೆಕ್ಕ ಬರೆಯುವವರು. ನಮಗೆ ಕೊಟ್ಟಿದ್ದು ಎರಡು ಕೋಣೆ, ಒಂದು ಅಡುಗೆಮನೆಯ ಕ್ವಾರ್ಟರ್ಸ್. ಅದರ ಹಿಂದೆಯೇ ಕೆಲಸದವರ ಲೈನ್ ಮನೆಗಳು. ಲೈನಿನ ಮೊದಲನೇ ಮನೆಯಲ್ಲಿ ನಾವೆಲ್ಲ ಪಾಟಿ ಎಂದು ಕರೆಯುವ ಮುದುಕಿ ಇದ್ದಳು. ತಮಿಳು ಮನೆಮಾತು. ನಲವತ್ತು ವರ್ಷ ಕಾಫಿ ಕುಯ್ದು ಈಗ ಮೊಣಕಾಲು ಹಿಡಿದು ಮನೆಯಲ್ಲಿದ್ದಳು. ನನ್ನನ್ನು ಅವಳು ಕರೆಯುತ್ತಿದ್ದದ್ದು ರೈಟ್ರಮ್ಮ ಎಂದು.

ಬಾಣಂತನಕ್ಕೆ ಸೋಮವಾರಪೇಟೆ ಕಡೆಯಿಂದ ನನ್ನ ಅಮ್ಮ ಬಂದಿದ್ದರು. ಆಸ್ಪತ್ರೆಯಲ್ಲಿ ಒಂದು ಸ್ಟೀಲಿನ ಒಳಲೆ ಕೊಟ್ಟು, ಮಗುವನ್ನು ಕೂರಿಸಿ ಹಿಡಿದು ಸ್ವಲ್ಪ ಸ್ವಲ್ಪವೇ ಹಾಲು ಬಿಡಬೇಕು, ನುಂಗಿ ಉಸಿರು ತೆಗೆದ ಮೇಲೆಯೇ ಮತ್ತೆ ಬಿಡಬೇಕು ಎಂದು ನರ್ಸ್ ತೋರಿಸಿದ್ದರು. ಮನೆಗೆ ಬಂದ ಮೇಲೆ ಆ "ಸ್ವಲ್ಪ" ಎಷ್ಟು, ನಡುವಿನ ಹೊತ್ತು ಎಷ್ಟು ಎಂಬುದು ನನಗೆ ಸಿಕ್ಕುತ್ತಲೇ ಇರಲಿಲ್ಲ. ಹೆದರಿಕೆಯಲ್ಲಿ ಒಮ್ಮೆ ತೀರಾ ನಿಧಾನ ಮಾಡುತ್ತಿದ್ದೆ, ಒಮ್ಮೆ ಅವಸರ. ಎರಡು ದಿನ ನೋಡಿ ಅಮ್ಮ ಹೇಳಿದರು: "ಒಂದು ಗುಟುಕು ಬಿಡು. ಒಂದು ನಮೋ ಮರಿಯ ಹೇಳು. ಆಮೇಲೆ ಇನ್ನೊಂದು ಗುಟುಕು."

ನಮೋ ಮರಿಯ ಅಂದರೆ ಯೇಸುವಿನ ತಾಯಿ ಮರಿಯಮ್ಮನವರಿಗೆ ನಾವು ಕ್ರೈಸ್ತರು ಹೇಳುವ ಪುಟ್ಟ ಪ್ರಾರ್ಥನೆ; ಜಪಸರದಲ್ಲಿ ಅದನ್ನು ಐವತ್ತು ಸಲ ಹೇಳುತ್ತೇವೆ. ಅದನ್ನು ಅಳತೆ ಮಾಡಿಕೊಳ್ಳುವುದು ಅಮ್ಮನಿಗೆ ಹೊಸದಲ್ಲ. ನಮ್ಮ ಮನೆಯ ಅಡುಗೆಕೋಣೆಯಲ್ಲಿ ಗಡಿಯಾರ ಇರಲಿಲ್ಲ. ಅರ್ಧ ಬೆಂದ ಮೊಟ್ಟೆಗೆ ಹತ್ತು ನಮೋ ಮರಿಯ, ಗಟ್ಟಿ ಮೊಟ್ಟೆಗೆ ಜಪಸರದ ಅರ್ಧ. ನನ್ನ ಅಜ್ಜಿ ಚುಚ್ಚುತ್ತಿದ್ದರು: "ದೇವರ ತಾಯಿನ ಮೊಟ್ಟೆ ಬೇಯ್ಸೋಕೆ ಕರೀತೀಯಲ್ಲೇ." ಅಮ್ಮ ಒಲೆಯಿಂದ ತಲೆ ಎತ್ತದೆ, "ಅವರ ಮನೇಲೇನು ಒಲೆ ಹಚ್ತಿರಲಿಲ್ವಾ ಅತ್ತೆ?" ಅನ್ನುತ್ತಿದ್ದರು.

ಹಾಗೆ ಶುರುವಾಯಿತು. ಹಾಲು ಹಿಂಡಿ ತೆಗೆಯುವುದು, ಒಳಲೆ ಕುದಿಸುವುದು, ಮಗುವನ್ನು ಎಡಗೈ ಮೇಲೆ ನೆಟ್ಟಗೆ ಕೂರಿಸಿಕೊಳ್ಳುವುದು, ಒಳಲೆಯ ಮೂತಿಯನ್ನು ಕೆನ್ನೆಯ ಒಳಬದಿಗೆ ತಾಗಿಸಿ ಒಂದು ಗುಟುಕು ಬಿಡುವುದು. ನಮೋ ಮರಿಯ. ಇನ್ನೊಂದು ಗುಟುಕು. ಒಂದು ಹೊತ್ತಿನ ಹಾಲು ಮುಗಿಯುವುದಕ್ಕೆ ಇಡೀ ಒಂದು ಜಪಸರ ಆಗಿ ಮೇಲೆ ಇನ್ನಷ್ಟು ಬೇಕಾಗುತ್ತಿತ್ತು. ತೇಗು ಬರಿಸಿ, ಮೂಗು ಒರೆಸಿ, ಮಲಗಿಸಿ, ಮತ್ತೆ ಹಾಲು ಹಿಂಡಿ, ಒಳಲೆ ತೊಳೆದು ಕುದಿಯಲು ಇಡುವ ಹೊತ್ತಿಗೆ ಮುಂದಿನ ಹೊತ್ತಿಗೆ ಒಂದು ಗಂಟೆಯೂ ಉಳಿಯುತ್ತಿರಲಿಲ್ಲ. ದಿನಕ್ಕೆ ಎಂಟು ಸಲ. ಮೂರನೇ ತಿಂಗಳಿಗೆ ಅಮ್ಮ ಊರಿಗೆ ಹೋದರು. ಅಲ್ಲಿ ಅಪ್ಪನಿಗೂ ಹುಷಾರಿರಲಿಲ್ಲ.

ಮೊದಲು ನಾನು ನಿಜವಾಗಿ ಪ್ರಾರ್ಥಿಸುತ್ತಿದ್ದೆ. ಪ್ರತಿ ಮಾತನ್ನೂ ಯಾರೋ ಕೇಳುತ್ತಿದ್ದಾರೆ ಎಂದುಕೊಂಡು ಹೇಳುತ್ತಿದ್ದೆ. ಎರಡನೇ ತಿಂಗಳಲ್ಲಿ ತುಟಿ ಮಾತ್ರ ಆಡುತ್ತಿತ್ತು. ನಾಲ್ಕನೇ ತಿಂಗಳ ಹೊತ್ತಿಗೆ ಅದು ಚಮಚದ ಹಾಗೆ, ಪಾವಿನ ಹಾಗೆ ಒಂದು ಅಳತೆ ಆಗಿಬಿಟ್ಟಿತ್ತು. ಭಾನುವಾರ ಚರ್ಚಿನ ಪೂಜೆಗೆ ಹೋಗಲು ಆಗುತ್ತಿರಲಿಲ್ಲ. ಗೋಡೆಯ ಮೇಲಿದ್ದ ಮರಿಯಮ್ಮನವರ ಪಟದ ಕಡೆ ನೋಡಿದರೆ ನಿದ್ದೆ ಬರುತ್ತಿತ್ತು. ಅಷ್ಟೇ ಬರುತ್ತಿದ್ದದ್ದು.

ಅಕ್ಟೋಬರ್ ಬಂತು. ನಮ್ಮಲ್ಲಿ ಅದು ಜಪಸರದ ತಿಂಗಳು. ನಮ್ಮ ಸುತ್ತಿನ ಎಸ್ಟೇಟುಗಳಲ್ಲಿ ಹರಡಿಕೊಂಡು ಹದಿನಾಲ್ಕು ಕ್ರೈಸ್ತರ ಮನೆಗಳಿವೆ. ಕೊಂಕಣಿಯವರು, ತಮಿಳರು, ಮಲಯಾಳಿಗಳು, ಕನ್ನಡದ ನಾವು ಎರಡು ಮನೆ. ಆ ತಿಂಗಳು ಮರಿಯಮ್ಮನವರ ಒಂದು ಸ್ವರೂಪ ಮನೆಯಿಂದ ಮನೆಗೆ ಹೋಗುತ್ತದೆ. ಮೊಳದುದ್ದದ ಸುಣ್ಣಮಣ್ಣಿನ ಬೊಂಬೆ, ಕೈ ಜೋಡಿಸಿ ನಿಂತದ್ದು, ನೀಲಿ ಸೊಂಟಪಟ್ಟಿಯ ಬಣ್ಣ ಒಂದು ಕಡೆ ಎದ್ದಿತ್ತು. ಸಂಜೆ ಎಲ್ಲರೂ ಸೇರಿ ಜಪಸರ ಹೇಳುತ್ತಾರೆ. ಆ ರಾತ್ರಿ ಅದು ಅಲ್ಲೇ ಇದ್ದು ಮರುದಿನ ಮುಂದಿನ ಮನೆಗೆ ಹೋಗುತ್ತದೆ. ಬಾಗಿಲಲ್ಲಿ ನಿಂತು ಸ್ವರೂಪವನ್ನು ಕೈಗೆ ತೆಗೆದುಕೊಂಡು ಒಳಗೆ ತರಬೇಕಾದವಳು ಆ ಮನೆಯ ಹೆಂಗಸು. ಅದು ನಡೆದುಬಂದ ಕ್ರಮ. ಗುರುವಾರ ನಮ್ಮ ಮನೆಯ ಸರದಿ.

"ಈ ವರ್ಷ ಬೇಡ ಅನ್ನೋಣವಾ?" ಎಂದು ಗಂಡ ಕೇಳಿದರು.

"ಬೇಡ ಅನ್ನೋಕಾಗತ್ತಾ? ಜನ ಏನಂತಾರೆ?" ಎಂದೆ. ಜನ ಆಗಲೇ ಸಾಕಷ್ಟು ಅಂದಿದ್ದರು. ಗ್ರಹಣದ ದಿನ ಈರುಳ್ಳಿ ಹೆಚ್ಚಿದ್ದಾಳೆ ಎಂದು ಕೆಲವರು, ಯಾವುದೋ ಹರಕೆ ತೀರಿಸಿಲ್ಲ ಎಂದು ಕೆಲವರು.

ಜಪಸರ ಯಾವಾಗಲೂ ಸಂಜೆ ಆರಕ್ಕೆ. ಆದರೆ ಆ ವಾರ ಒಂದು ಒಂಟಿ ಸಲಗ ನಮ್ಮ ರಸ್ತೆಯಲ್ಲೇ ಓಡಾಡುತ್ತಿತ್ತು. ಕತ್ತಲಾದ ಮೇಲೆ ಯಾರೂ ನಡೆಯಬೇಡಿ ಎಂದು ಫಾರೆಸ್ಟ್‌ನವರು ಹೇಳಿದ್ದರು. ಗುರುವಾರ ಎರಡು ಗಂಟೆಗೆ ಫೋನಿಗೆ ಮೆಸೇಜ್ ಬಂತು: ಇವತ್ತು ಜಪಸರ ಆರಕ್ಕಲ್ಲ, ನಾಲ್ಕಕ್ಕೆ.

ಮಗುವಿಗೆ ಹಾಲಿನ ಹೊತ್ತು ಮೂರೂವರೆ. ಮನೆ ಗುಡಿಸಿರಲಿಲ್ಲ. ಮೇಜಿನ ಮೇಲೆ ಹಾಲಿನ ಪಂಪು, ಒಣಗಿಸಿದ ಬಟ್ಟೆ. ಪಾಟಿಯನ್ನು ಕರೆದೆ. ಅವಳು ಅಡುಗೆಮನೆಯಲ್ಲಿ ಲೋಟ ತೊಳೆಯುತ್ತ ಕೂತಳು. ನಾನು ಮೇಜು ಖಾಲಿ ಮಾಡಿ, ಕಸೂತಿ ಬಟ್ಟೆ ಹಾಸಿ, ಡೇರೆ ಹೂವು ಇಟ್ಟೆ. ನಾಲ್ಕು ಗಂಟೆಗೆ ನನ್ನ ಎರಡೂ ಕೈ ಖಾಲಿ ಇರಬೇಕು ಎಂಬುದೊಂದೇ ತಲೆಯಲ್ಲಿತ್ತು. ಮೂರು ದಾಟಿದ ಕೂಡಲೇ ಮಲಗಿದ್ದ ಮಗಳನ್ನು ಎಬ್ಬಿಸಿ ಹಾಲು ಕೊಡಲು ಕೂತೆ.

ಯಾರಿಗೂ ಹೇಳದೆ ಬಿಟ್ಟ ಭಾಗ ಇದು. ನಾನು ಪ್ರಾರ್ಥನೆ ಬಿಡಲಿಲ್ಲ. ಬೇಗ ಹೇಳಿದೆ. ನಮೋ ಮರಿಯವನ್ನು ಎಷ್ಟು ಬೇಗ ಬೇಕಾದರೂ ಹೇಳಬಹುದು. ಚರ್ಚಿನಲ್ಲಿ ಹಿಂದಿನ ಬೆಂಚಿನವರು ಹೇಳುವುದನ್ನು ಕೇಳಿದವರಿಗೆ ಗೊತ್ತು. ಮೊದಲ ಮಾತಿಗೂ ಆಮೆನ್‌ಗೂ ನಡುವೆ ಏನೂ ಇಲ್ಲದ ಹಾಗೆ ಹೇಳುತ್ತ, ಪ್ರತಿಯೊಂದು ಮುಗಿದ ಕೂಡಲೇ ಒಳಲೆ ಬಾಗಿಸುತ್ತಿದ್ದೆ. ನನ್ನ ಮಟ್ಟಿಗೆ ಅಳತೆ ಸರಿಯಾಗಿತ್ತು. ಒಂದಕ್ಕೆ ಒಂದು. ಕಣ್ಣು ಮಾತ್ರ ಮಗುವಿನ ಗಂಟಲ ಮೇಲೆ ಇರಲಿಲ್ಲ. ಮೇಜಿನ ಮೇಲೆ ಕಸೂತಿ ಬಟ್ಟೆಯ ಅಂಚು ವಾರೆಯಾಗಿತ್ತು. ನಾನು ಅದನ್ನು ನೋಡುತ್ತಿದ್ದೆ.

ಅವಳು ಕೆಮ್ಮಲಿಲ್ಲ. ಕೆಮ್ಮಿದ್ದರೆ ನನಗೆ ತಿಳಿಯುತ್ತಿತ್ತು. ಸದ್ದೇ ನಿಂತುಹೋಯಿತು. ನೋಡಿದಾಗ ಬಾಯಿ ತೆರೆದಿತ್ತು, ಕಣ್ಣು ದೊಡ್ಡದಾಗಿತ್ತು, ಸೀಳಿದ ತುಟಿಯ ಎರಡು ಬದಿಯೂ ಬೂದಿಬಣ್ಣಕ್ಕೆ ತಿರುಗುತ್ತಿತ್ತು. ನಾನು ಅವಳನ್ನು ಹಿಡಿದುಕೊಂಡು ಎದ್ದು ನಿಂತೆ. ನಿಂತೇ ಇದ್ದೆ. ಏನು ಮಾಡಬೇಕೆಂದು ನರ್ಸ್ ಕಲಿಸಿದ್ದರು. ಒಂದೂ ನೆನಪಾಗಲಿಲ್ಲ. ಬಾಯಿಂದ ಬಂದದ್ದು "ಪಾಟೀ" ಎಂಬ ಒಂದು ಮಾತು.

ಪಾಟಿ ಮೊಣಕಾಲಿನ ನೋವು ಇದ್ದವಳ ಹಾಗೆ ಬರಲಿಲ್ಲ. ನನ್ನ ಕೈಯಿಂದ ಮಗುವನ್ನು ಕಿತ್ತುಕೊಂಡು ಮುಂಗೈ ಮೇಲೆ ಬೋರಲು ಹಾಕಿ, ತಲೆ ತಗ್ಗಿಸಿ, ಬೆನ್ನಿಗೆ ಅಂಗೈ ಬುಡದಿಂದ ಹೊಡೆದಳು. ನಾಲ್ಕು ಹೊಡೆತ ನಾನು ಎಣಿಸಿದೆ. ಐದನೆಯದಕ್ಕೆ ಮೂಗಿನಿಂದಲೂ ಬಾಯಿಂದಲೂ ಹಾಲು ನೆಲಕ್ಕೆ ಬಿತ್ತು. ಆಮೇಲೆ ಅಳು.

ಎಷ್ಟು ಹೊತ್ತು ಉಸಿರು ನಿಂತಿತ್ತು ಎಂದು ಡಾಕ್ಟರ್ ಮರುದಿನ ಕೇಳಿದರು. ಅರ್ಧ ನಿಮಿಷ ಇರಬಹುದು ಎಂದೆ. ನನಗೆ ಗೊತ್ತಿರುವ ಅಳತೆಯಲ್ಲಿ ಅದು ನಿಧಾನವಾಗಿ ಹೇಳಿದ ಎರಡು ನಮೋ ಮರಿಯದಷ್ಟು.

"ಪಾಪಾಗೆ ಏನ್ ಅವಸರ ಇತ್ತಾ ರೈಟ್ರಮ್ಮ?" ಪಾಟಿ ಬೈದಳು. "ಬರೋರು ಬರ್ಲಿ, ಕೂತ್ಕೊಳ್ಳಿ. ಸಾಮಿಗೆ ಕಾಯೋಕೆ ಬರಲ್ವಾ?"

ಅಷ್ಟರಲ್ಲಿ ಜೀಪಿನ ಹಾರ್ನ್ ಕೇಳಿತು. ಪಾಟಿ ನಮ್ಮಿಬ್ಬರನ್ನೂ ಅಡುಗೆಮನೆಗೆ ಕರೆತಂದಿದ್ದಳು; ನಾನು ಅಲ್ಲಿ ನೆಲದ ಮೇಲೆ ಮಗಳನ್ನು ಎದೆಗೆ ಒತ್ತಿಕೊಂಡು ಕೂತಿದ್ದೆ. ಏಳಲು ಆಗಲಿಲ್ಲ. ಆಫೀಸಿನಿಂದ ಆಗಷ್ಟೇ ಬಂದ ಗಂಡ ಸ್ವರೂಪವನ್ನು ತೆಗೆದುಕೊಂಡರು. ದಾರಿಯಲ್ಲಿ ಕುಲುಕಿ ಒಡೆಯದಿರಲಿ ಎಂದು ಅದನ್ನು ಸ್ನಾನದ ಟವೆಲ್ಲಿನಲ್ಲಿ ಸುತ್ತಿ ಟೀಚರ್ ತೊಡೆಯ ಮೇಲೆ ಇಟ್ಟುಕೊಂಡು ಬಂದಿದ್ದರು. ಟೀಚರ್ ಅಂದರೆ ನಮ್ಮಲ್ಲಿ ಜಪಸರ ಹೇಳಿಸುವವರು. ಶಾಲೆಯಿಂದ ನಿವೃತ್ತರಾಗಿ ಹದಿನೈದು ವರ್ಷವಾದರೂ ಎಲ್ಲರಿಗೂ ಟೀಚರೇ.

ಪಾಟಿ ಬಾಗಿಲಲ್ಲೇ ನಿಂತು ಆದದ್ದನ್ನೆಲ್ಲ ಎಲ್ಲರೆದುರು ಹೇಳಿಬಿಟ್ಟಳು. ಯಾರೋ ಹೆಂಗಸು ನಿಟ್ಟುಸಿರು ಬಿಟ್ಟು, "ಮಾತೆ ಮನೆಗೆ ಬರೋ ದಿನವೇ ಹೀಗಾಗಬೇಕಾ. ಏನೋ ಪರೀಕ್ಷೆ" ಎಂದರು.

"ಮೂವತ್ತು ವರ್ಷ ಪರೀಕ್ಷೆ ಪೇಪರ್ ತಿದ್ದಿದ್ದೀನಮ್ಮ ನಾನು," ಟೀಚರ್ ಹೇಳಿದರು. "ಇದು ಪರೀಕ್ಷೆ ಅಲ್ಲ. ಇದಕ್ಕೆ ನಿದ್ದೆಗೇಡು ಅಂತಾರೆ."

ಅವರು ಒಳಗೆ ಬಂದು ನನ್ನ ಪಕ್ಕ ನೆಲದ ಮೇಲೆ ಕೂತರು. ಮಗುವಿನ ಉಸಿರನ್ನು ಸ್ವಲ್ಪ ಹೊತ್ತು ನೋಡಿದರು. ಆಗಲೇ ಆಸ್ಪತ್ರೆಗೆ ಹೊರಡಬೇಕಿತ್ತು. ಡಾಕ್ಟರ್ ಮರುದಿನ ಹಾಗೆ ಅಂದರು, ಅದು ಸರಿ. ಆದರೆ ಅವಳು ಅತ್ತು ಅತ್ತು ಕೆಂಪಾಗಿದ್ದಳು, ಆ ಕೆಂಪು ನಮಗೆಲ್ಲ ಸಾಕಾಗಿತ್ತು. ಅಳು ಈಗ ಹಸಿವಿನದು. ಹಾಲಿನ ಮುಕ್ಕಾಲು ಭಾಗ ಬಟ್ಟಲಲ್ಲೇ ಇತ್ತು.

"ಕೊಡಮ್ಮ," ಟೀಚರ್ ಅಂದರು.

"ನನ್ನ ಕೈಲಿ ಆಗಲ್ಲ ಟೀಚರ್."

"ನಂಗೆ ಬರತ್ತಾ? ಪಾಟಿಗೆ ಬರತ್ತಾ? ನಿಂಗೊಬ್ಬಳಿಗೆ ಬರೋದು. ಹೇಗೆ ಕೊಡ್ತೀಯ ಹೇಳು ನೋಡೋಣ."

ಹೇಳಿದೆ. ಒಂದು ಗುಟುಕಿಗೆ ಒಂದು ನಮೋ ಮರಿಯ. ಹೊರಗಿನವರಿಗೆ ಅದನ್ನು ಹೇಳಿದ್ದು ಅದೇ ಮೊದಲು. ಬೇಗ ಹೇಳಿದೆ ಎಂಬುದನ್ನು ಆಗಲೂ ಹೇಳಲಿಲ್ಲ. ಆದರೆ ಟೀಚರ್ ನನ್ನ ಮುಖವನ್ನೂ ಮುಂದಿನ ಕೋಣೆಯ ಮೇಜನ್ನೂ ಒಮ್ಮೆ ನೋಡಿದರು. ಅವರಿಗೆ ತಿಳಿಯಿತು ಅಂದುಕೊಂಡಿದ್ದೇನೆ.

"ಸರಿ. ಇವತ್ತು ಹೇಳೋದು ನಾವು. ನೀನು ಬಾಯಿ ತೆಗೀಬೇಡ. ಅವಳ ಗಂಟಲು ನೋಡು. ನುಂಗಿದ ಮೇಲೆ ತಲೆ ಆಡಿಸು, ಆಗ ಮುಂದಿನದು."

ನನ್ನನ್ನು ಮುಂದಿನ ಕೋಣೆಯಲ್ಲಿ ಕುರ್ಚಿಯ ಮೇಲೆ ಕೂರಿಸಿದರು. ಎದುರು ಮೇಜಿನ ಮೇಲೆ ಸ್ವರೂಪ, ಇನ್ನೂ ಅರ್ಧ ಟವೆಲ್ಲಿನಲ್ಲೇ. ಹನ್ನೆರಡು ಹದಿಮೂರು ಜನ ನೆಲದ ಮೇಲೆ. ಟೀಚರ್ ಮೊದಲರ್ಧ ಹೇಳಿದರು, ಎಲ್ಲರೂ ಉಳಿದರ್ಧ ಹೇಳಿ ಆಮೆನ್ ಎಂದು ನಿಲ್ಲಿಸಿದರು. ನಾನು ಒಂದು ಗುಟುಕು ಬಿಟ್ಟೆ. ಸ್ವಲ್ಪ ಗದ್ದಕ್ಕೆ ಹೋಯಿತು. ಅವಳ ಕುತ್ತಿಗೆಯ ಸಣ್ಣ ಮಡಿಕೆ ಮೇಲೆದ್ದು ಇಳಿಯಿತು. ಉಸಿರು. ತಲೆ ಆಡಿಸಿದೆ. ಅವರು ಮತ್ತೆ ಶುರು ಮಾಡಿದರು.

ಮೊದಲ ಹತ್ತು ನಮೋ ಮರಿಯ ಮುಗಿಯುವ ಹೊತ್ತಿಗೆ ಜೀಪ್ ಓಡಿಸುವವರು ಮೆಲ್ಲಗೆ, "ಟೀಚರ್, ಹೀಗೇ ಹೋದ್ರೆ ಐದೂವರೆ ಆಗತ್ತೆ. ಆನೆ ರೋಡಿಗೆ ಬಂದ್ರೆ?" ಎಂದರು.

"ಬರ್ಲಿ. ಅದಕ್ಕೂ ಸ್ವಲ್ಪ ಕಾಯೋಕೆ ಹೇಳು."

ಯಾರೋ ನಕ್ಕರು. ಆಮೇಲೆ ಮತ್ತೆ ಮೌನ, ಮತ್ತೆ ಪ್ರಾರ್ಥನೆ. ಜಪಸರ ಹೇಳುವಾಗ ಅಷ್ಟು ಮೌನ ಇರುವುದನ್ನು ನಾನು ಎಲ್ಲೂ ಕಂಡಿರಲಿಲ್ಲ. ಅಷ್ಟು ದೊಡ್ಡವರು ಒಂದು ಮಗು ನುಂಗುವುದನ್ನು ಕಾಯುತ್ತಿದ್ದರು. ಅದು ಮುಗಿದಾಗ ಬಟ್ಟಲೂ ಖಾಲಿಯಾಗಿತ್ತು. ನನಗೆ ಸಮಾಧಾನವಾಯಿತು ಎಂದು ಬರೆದರೆ ತಪ್ಪಾಗುತ್ತದೆ. ಸೊಂಟ ನೋಯುತ್ತಿತ್ತು, ಎಡಗೈ ಮರಗಟ್ಟಿತ್ತು, ಯಾರಾದರೂ ಈ ಮಗುವನ್ನು ತೆಗೆದುಕೊಂಡು ಹೋಗಲಿ ಎಂದೂ ಅನ್ನಿಸಿತ್ತು. ಆ ಕ್ಷಣದಲ್ಲೇ ಅನ್ನಿಸಿದ್ದು.

ಮರುದಿನ ಬೆಳಗ್ಗೆ ಅವಳ ಮೈ ಬಿಸಿಯಾಗಿತ್ತು. ಶ್ವಾಸಕ್ಕೆ ಸ್ವಲ್ಪ ಹಾಲು ಹೋಗಿತ್ತು. ಮಡಿಕೇರಿಯ ಆಸ್ಪತ್ರೆಯಲ್ಲಿ ನಾಲ್ಕು ದಿನ. ಜ್ವರ ಬಿಟ್ಟಿತು, ಆದರೆ ತೂಕ ನೂರೈವತ್ತು ಗ್ರಾಂ ಇಳಿಯಿತು. ನಾಲ್ಕು ಕಿಲೋ ಮುನ್ನೂರು ಇದ್ದದ್ದು ನಾಲ್ಕು ಕಿಲೋ ನೂರೈವತ್ತಕ್ಕೆ ಬಂತು. ಆ ನೂರೈವತ್ತು ಗ್ರಾಂ ಎಷ್ಟು ಗುಟುಕು ಎಂದು ಲೆಕ್ಕ ಹಾಕಲು ಹೋಗಿ ಬಿಟ್ಟೆ.

ಅವಸರದಲ್ಲಿ ಮನೆಗೆ ಬೀಗ ಹಾಕಿ ಕೀಲಿಕೈಯನ್ನು ನಾವೇ ಒಯ್ದಿದ್ದೆವು. ಸ್ವರೂಪ ಒಳಗೇ ಉಳಿದುಬಿಟ್ಟಿತ್ತು. ಮುಂದಿನ ಮನೆಗಳವರು ಮೇಣದಬತ್ತಿ ತಂದಿಟ್ಟುಕೊಂಡು ಕಾದಿದ್ದರು. ಗಂಡ ಬಂದು ಬಾಗಿಲು ತೆರೆದುಕೊಡುತ್ತೇನೆ ಎಂದರೆ ಟೀಚರ್ ಬೇಡ ಅಂದಿದ್ದರಂತೆ. ನಾವು ಹಿಂತಿರುಗಿದಾಗ ಪಾಟಿ ಬಾಗಿಲ ಮುಂದೆಯೇ ಕೂತಿದ್ದಳು.

"ಒಳಗೆ ನಿಮ್ಮ ಮರಿಯಮ್ಮ ನಾಕು ದಿನದಿಂದ ಒಬ್ರೇ ಇದಾರೆ. ಪಾಪ, ಬೆಳಗ್ಗೆ ಸಾಯಂಕಾಲ ಕಿಟಕಿಯಿಂದ ಮಾತಾಡ್ಸಿದೆ."

ಒಳಗೆ ಡೇರೆ ಹೂವು ಬಾಡಿ ಬಟ್ಟೆಯ ಮೇಲೆ ಉದುರಿತ್ತು. ಟವೆಲ್ ಹಾಗೇ ಕಾಲಬಳಿ ಸುತ್ತಿಕೊಂಡಿತ್ತು. ಪಾಟಿ ಹತ್ತಿರ ಹೋಗಿ ದಿಟ್ಟಿಸಿ ನೋಡಿ, "ಈ ಅಮ್ಮಂಗೆ ಮಗು ಎಲ್ಲಿ? ಹಿಂಗೆ ಕೈ ಮುಗ್ದು ನಿಂತ್ರೆ ಮಗೂನ ಯಾರು ಎತ್ಕೊಳ್ಳೋದು?" ಎಂದು ಕೇಳಿದಳು.

ಚಿಕ್ಕಂದಿನಿಂದ ಆ ಜೋಡಿಸಿದ ಕೈಗಳನ್ನು ನೋಡಿದ್ದೆ. ಅವು ಖಾಲಿ ಎಂದು ಯಾವತ್ತೂ ಅನ್ನಿಸಿರಲಿಲ್ಲ. ಅವತ್ತು ಹೊಳೆದದ್ದು ಇಷ್ಟು: ಈ ಹೆಂಗಸಿಗೂ ಒಂದು ದಿನಕ್ಕೆ ಹಲವು ಸಲ ಕೈ ತುಂಬ ಕೆಲಸ ಇದ್ದಿರಬೇಕು, ಕೈ ಜೋಡಿಸಲು ಹೊತ್ತು ಸಿಕ್ಕಿದ್ದು ಕಡಿಮೆ ಇದ್ದಿರಬೇಕು. ಇನ್ನೊಂದು ಮನೆಗೆ ಹೋಗಲು ಅವಳಿಗೂ ಅವಸರ ಇರಲಿಲ್ಲ. ಆ ಸಂಜೆ ಮಗಳನ್ನು ಗಂಡನ ಕೈಗೆ ಕೊಟ್ಟು ಸ್ವರೂಪವನ್ನು ನಾನೇ ಎತ್ತಿ ಜೀಪಿನವರೆಗೆ ತಂದೆ. ಅಂದುಕೊಂಡಿದ್ದಕ್ಕಿಂತ ಭಾರ ಇತ್ತು. ನನ್ನ ಮಗಳಿಗಿಂತ ಭಾರ.

ಅದಾದ ಮೇಲೆ ಟೀಚರ್ ದಿನವೂ ಮೂರೂವರೆಗೆ ಫೋನ್ ಮಾಡತೊಡಗಿದರು. ನಮ್ಮ ಮನೆಯಲ್ಲಿ ಸಿಗ್ನಲ್ ಸಿಗುವುದು ಅಡುಗೆಮನೆಯ ಕಿಟಕಿಯ ಬಲ ಮೂಲೆಯಲ್ಲಿ ಮಾತ್ರ. ಫೋನನ್ನು ಅಲ್ಲಿ ಒರಗಿಸಿ ಸ್ಪೀಕರ್ ಹಾಕುತ್ತಿದ್ದೆ. ಅವರು ಒಂದು ಹೇಳಿ ನಿಲ್ಲಿಸುವರು. ಮಗಳು ನುಂಗಿದ ಮೇಲೆ ನಾನು "ಆಯ್ತು" ಅನ್ನುವೆ. ಅವರು ಮುಂದಿನದು ಹೇಳುವರು. ಎಂಟು ಹೊತ್ತಿನಲ್ಲಿ ಒಂದು ಹೊತ್ತು ನನ್ನ ಪ್ರಾರ್ಥನೆಯನ್ನು ಬೇರೆಯವರು ಹೇಳುತ್ತಿದ್ದರು, ನಾನು ಬರಿ ಗಂಟಲು ನೋಡುತ್ತಿದ್ದೆ. ಉಳಿದ ಏಳು ಹೊತ್ತಿಗೂ ಅದೇ ಅಭ್ಯಾಸವಾಯಿತು. ಆಮೆನ್ ಆದ ಮೇಲೆ ನೋಡುವುದು. ನೋಡಿದ ಮೇಲೆ ಬಿಡುವುದು.

ಕೆಲವು ದಿನ "ಆಯ್ತು" ಎಂದು ಮೂರು ಸಲ ಹೇಳಿದರೂ ಆ ಕಡೆಯಿಂದ ಏನೂ ಬರುತ್ತಿರಲಿಲ್ಲ. "ಟೀಚರ್?" ಎಂದು ಕೂಗಿದರೆ, "ಇಲ್ಲೇ ಇದ್ದೀನಿ, ನಿದ್ದೆ ಮಾಡ್ತಿಲ್ಲ" ಎಂಬ ದನಿ. ಪಾಟಿ ಬಾಗಿಲಿಂದ, "ನಿದ್ದೆ ಮಾಡ್ಲಿ ಬಿಡಮ್ಮ, ಅವ್ರಿಗೂ ವಯಸ್ಸಾಯ್ತು" ಅನ್ನುವಳು.

ಡಿಸೆಂಬರಿನಲ್ಲಿ, ಕಾಫಿ ಪಿಕ್ಕಿಂಗ್ ಶುರುವಾಗಿ ಲೈನೆಲ್ಲ ಬೆಳಗ್ಗೆಯೇ ಖಾಲಿಯಾಗುವ ದಿನಗಳಲ್ಲಿ, ಅಂಗನವಾಡಿಯ ತೂಗುತಕ್ಕಡಿಯ ಜೋಲಿಯಲ್ಲಿ ಮಗಳನ್ನು ಕೂರಿಸಿದೆವು. ಮುಳ್ಳು ಅಲುಗಾಡಿ ನಿಂತಿತು. ಐದು ಕಿಲೋ ಐವತ್ತು. ಅಂಗನವಾಡಿ ಟೀಚರ್ ಇನ್ನೊಮ್ಮೆ ನೋಡಿ, "ಸ್ವೆಟರ್ ತೆಗೀರಿ" ಎಂದರು. ತೆಗೆದೆವು. ಐದರ ಗೆರೆಯ ಮೇಲೆ ಕೂದಲೆಳೆಯಷ್ಟು ಕೆಳಗೆ ನಿಂತಿತು. ಅವರು ನನ್ನನ್ನು ನೋಡಿದರು. "ಇನ್ನೊಂದು ವಾರ" ಎಂದೆ. ಜಗಳ ಮಾಡುವ ಶಕ್ತಿ ನನಗಿರಲಿಲ್ಲ. ಮುಂದಿನ ವಾರ ಸ್ವೆಟರ್ ಇಲ್ಲದೆಯೇ ಐದು ಕಿಲೋ ನೂರು ಗ್ರಾಂ ಬಂತು.

ಆಪರೇಷನ್ ದಿನ ಮೈಸೂರಿನಲ್ಲಿ, ಮುಂಜಾನೆಯಿಂದ ಹಾಲು ಕೊಡಬಾರದು ಎಂದರು. ಎಂಟು ಗಂಟೆಗೆ ಮಗಳನ್ನು ಹಸಿರು ಬಟ್ಟೆಯಲ್ಲಿ ಸುತ್ತಿ ಒಳಗೆ ಒಯ್ದರು. ಹೊರಗಿನ ಬೆಂಚಿನ ಮೇಲೆ ನನ್ನ ಕೈಗೆ ಕೆಲಸ ಇರಲಿಲ್ಲ. ಜಪಸರ ತೆಗೆದೆ. ನಿಜವಾಗಿ ಪ್ರಾರ್ಥಿಸಬೇಕಾದ ಹೊತ್ತು ಇದೇ ಎಂದು ಗೊತ್ತಿತ್ತು. ಒಂದು ನಮೋ ಮರಿಯ ಹೇಳಿದೆ. ಹೇಳಿ ನಿಲ್ಲಿಸಿದೆ. ಗಂಡ, "ಏನಾಯ್ತು? ಮುಂದೆ ಹೇಳು" ಎಂದರು. ನುಂಗಿದ್ದಾಳೋ ಎಂದು ನಾನು ಕಾಯುತ್ತಿದ್ದೆ. ನೋಡಲು ಗಂಟಲು ಇರಲಿಲ್ಲ, ಆದರೂ ಪ್ರತಿಯೊಂದರ ಕೊನೆಗೂ ಅಷ್ಟು ಹೊತ್ತು ತಡೆದೇ ಮುಂದಿನದು ಹೇಳಿದೆ. ಐವತ್ತು ಮುಗಿಯುವ ಮೊದಲೇ ನರ್ಸ್ ಬಂದು ಕರೆದರು.

ತುಟಿಯ ಮೇಲೆ ಕಪ್ಪು ದಾರದ ಸಣ್ಣ ಹೊಲಿಗೆಗಳು, ಮುಖ ಊದಿತ್ತು. ಅದು ನನ್ನ ಮಗಳ ಮುಖವೇ ಅಲ್ಲ ಅನ್ನಿಸಿ ಒಂದು ಕ್ಷಣ ಹೆದರಿದೆ. ಆರೂವರೆ ತಿಂಗಳು ಆ ಸೀಳನ್ನೇ ನೋಡಿಕೊಂಡು ಹಾಲು ಕೊಟ್ಟಿದ್ದೆ. ಸಂಜೆ ಸ್ವಲ್ಪ ಹಾಲು ಕೊಡಬಹುದು ಎಂದರು. ಅಂಗುಳ ಇನ್ನೂ ತೆರೆದೇ ಇದೆ, ನಿಧಾನ ಎಂದರು. ಒಳಲೆಯನ್ನು ಕೆನ್ನೆಯ ಬದಿಗೆ ತಾಗಿಸಿ ಒಂದು ಗುಟುಕು ಬಿಟ್ಟೆ. ಊದಿದ ಮೇಲ್ತುಟಿ ಕೆಳತುಟಿಯ ಮೇಲೆ ಬಂದು ಕೂತಿತು. ಬಾಯಿ ಮುಚ್ಚಿತು. ಗದ್ದಕ್ಕೆ ಒಂದು ಹನಿಯೂ ಬರಲಿಲ್ಲ.

ಫೋನ್ ಹಾಸಿಗೆಯ ಮೇಲೆ ಸ್ಪೀಕರಿನಲ್ಲಿತ್ತು. ಆ ಕಡೆಯಿಂದ ಟೀಚರ್ ಒಂದು ಹೇಳಿ ನಿಲ್ಲಿಸಿ ಕಾಯುತ್ತಿದ್ದರು. ನನ್ನ "ಆಯ್ತು" ಬರದಿದ್ದಾಗ, "ನುಂಗಿದಳಾ?" ಎಂದು ಕೇಳಿದರು.

"ಇನ್ನೊಂದು ಸಲ ಹೇಳಿ ಟೀಚರ್," ಎಂದೆ. "ನಾನು ಅವಳ ತುಟಿ ನೋಡ್ತಾ ಇದ್ದೆ."